ಏಳನೆಯ ತಂತಿ ಎಷ್ಟು ದಪ್ಪವಿರಬೇಕು?

ಏಳು ತಂತಿಯ ಅಕೌಸ್ಟಿಕ್ ಗಿಟಾರಿಗೆಂದು ಅಂಗಡಿಯಲ್ಲಿ "ಏಳರ ಸೆಟ್ ಕೊಡಿ" ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಎಲೆಕ್ಟ್ರಿಕ್ ಗಿಟಾರಿನ ಪೊಟ್ಟಣ. ಅದರ ಮೇಲೆ 10–59 ಎಂದಿರುತ್ತದೆ, ಅಂದರೆ ಅತಿ ತೆಳು ತಂತಿಯಿಂದ ಅತಿ ದಪ್ಪ ತಂತಿಯವರೆಗಿನ ಅಳತೆ. ತಂತಿಗಳ ಸಂಖ್ಯೆ ಸರಿಯಾಗಿಯೇ ಇರುವುದರಿಂದ ಯಾರೂ ಅನುಮಾನಪಡುವುದಿಲ್ಲ. ಮನೆಗೆ ತಂದು ಹಾಕಿ ಮೀಟಿದರೆ ನಾದ ತೆಳುವಾಗಿ, ಒಂದೊಂದು ತಂತಿ ಒಂದೊಂದು ಬಗೆಯಾಗಿ ಕೇಳುತ್ತದೆ. ಅಯಸ್ಕಾಂತದ ಪಿಕಪ್‌ಗೆಂದು ಮಾಡಿದ ಆ ಸೆಟ್ಟಿನಲ್ಲಿ ಮೂರನೆಯ ತಂತಿ ಮೇಲೆ ಲೋಹದ ಎಳೆಯ ಸುತ್ತಿಲ್ಲದ ಬರಿಯ ಉಕ್ಕು. ಅಕೌಸ್ಟಿಕ್ ಗಿಟಾರಿಗೆ ಅಲ್ಲಿ ಸುತ್ತು ಇರುವ ತಂತಿಯೇ ಬೇಕು. ಹಾಗಾಗಿ ಒಳ್ಳೆಯ ದಾರಿ ಎಂದರೆ ಆರು ತಂತಿಯ ಅಕೌಸ್ಟಿಕ್ ಸೆಟ್ ಒಂದನ್ನು ಕೊಂಡು, ಏಳನೆಯದನ್ನು ಬಿಡಿಯಾಗಿ ಕೊಳ್ಳುವುದು. ಆ ಬಿಡಿ ತಂತಿಯ ದಪ್ಪವನ್ನು ಮಾತ್ರ ನಾವೇ ಲೆಕ್ಕ ಹಾಕಿ ಗೊತ್ತುಮಾಡಿಕೊಳ್ಳಬೇಕು.

ಮೊದಲು ಶ್ರುತಿ

ಏಳು ತಂತಿ ಎಂದರೆ ಎಲ್ಲ ಕಡೆಯೂ ಒಂದೇ ವ್ಯವಸ್ಥೆಯಲ್ಲ. ನಮ್ಮ ಸರಸ್ವತಿ ವೀಣೆಯಲ್ಲಿಯೂ ಏಳು ತಂತಿಗಳಿವೆ, ಆದರೆ ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ಗಿಟಾರಿನಲ್ಲಿಯೂ ಹಾಗೆಯೇ, ಏಳನೆಯ ತಂತಿಯ ಕೆಲಸ ಊರಿಂದ ಊರಿಗೆ ಬದಲಾಗುತ್ತದೆ. ರಷ್ಯಾದ ಏಳು ತಂತಿಯ ಗಿಟಾರಿಗೆ ಮಂದ್ರದಿಂದ ಮೇಲಕ್ಕೆ ಡಿ, ಜಿ, ಬಿ, ಡಿ, ಜಿ, ಬಿ, ಡಿ ಎಂದು ಶ್ರುತಿ ಮಾಡುತ್ತಾರೆ. ಬೆರಳಿಡದೆ ಮೀಟಿದರೂ ಅದು ಜಿ ಮೇಜರ್ ಎಂಬ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನುಡಿಯುತ್ತದೆ. ಬ್ರೆಜಿಲಿನ ಶೋರೊ ಸಂಗೀತದಲ್ಲಿ ಏಳನೆಯದು ಕೆಳಗಿನ ಸಿ. ಅಮೆರಿಕದ ಜಾಜ್ ವಾದಕ ಜಾರ್ಜ್ ವ್ಯಾನ್ ಎಪ್ಸ್ ಕೆಳಗಿನ ಎ ಇಟ್ಟುಕೊಂಡಿದ್ದರು. ಇಂದಿನ ಹಲವು ವಾದಕರು ಬಿ ಇಟ್ಟುಕೊಳ್ಳುತ್ತಾರೆ. ಅಮೆರಿಕದ ಬರ್ಡ್ಸ್ ತಂಡದ ಗಿಟಾರ್ ವಾದಕ ರೋಜರ್ ಮೆಕ್‌ಗ್ವಿನ್ ಹೆಸರಿನಲ್ಲಿ ಮಾರ್ಟಿನ್ ಕಂಪನಿ ಮಾಡಿದ ಎಚ್‌ಡಿ-7 ಗಿಟಾರಿನಲ್ಲಂತೂ ಏಳನೆಯ ತಂತಿ ಮಂದ್ರದಲ್ಲಿಯೇ ಇಲ್ಲ. ಜಿ ತಂತಿಯ ಜೊತೆಗೆ, ಅದಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುವ ತೆಳ್ಳನೆಯ ಜೋಡಿ ತಂತಿ ಅದು. ನಿಮ್ಮ ಗಿಟಾರಿನಲ್ಲಿ ಯಾವ ಸ್ವರ ಬೇಕೆಂದು ತೀರ್ಮಾನವಾಗದೆ ತಂತಿ ಕೊಳ್ಳಲು ಹೊರಡಬೇಡಿ.

ಆಮೇಲೆ ಅಳತೆ, ಲೆಕ್ಕ

ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ಹನ್ನೆರಡನೆಯ ಫ್ರೆಟ್‌ವರೆಗೆ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಟೇಪು ಹಿಡಿದು ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ. ಅದೇ ತಂತಿಯ ನುಡಿಯುವ ಉದ್ದ. ಹೆಚ್ಚಿನ ಅಕೌಸ್ಟಿಕ್ ಗಿಟಾರುಗಳಲ್ಲಿ ಅದು ಇಪ್ಪತ್ತೈದೂವರೆ ಇಂಚಿನ ಆಸುಪಾಸು ಬರುತ್ತದೆ.

ಇನ್ನು ದಪ್ಪ. ತಂತಿಯ ಗೇಜ್ ಎಂದರೆ ಇಂಚಿನ ಸಾವಿರದ ಲೆಕ್ಕ. 53 ಎಂದು ಬರೆದಿದ್ದರೆ 1.35 ಮಿಲಿಮೀಟರ್ ದಪ್ಪ. ಸಾಮಾನ್ಯವಾಗಿ ಲೈಟ್ ಎಂದು ಮಾರುವ 12–53ರ ಸೆಟ್ಟಿನಲ್ಲಿ ಆರನೆಯ ತಂತಿ 53, ಅದರ ಶ್ರುತಿ ಇ, ಸೆಕೆಂಡಿಗೆ 82.4 ಕಂಪನ. ಏಳನೆಯ ತಂತಿಯೂ ಬೆರಳಿಗೆ ಇಷ್ಟೇ ಬಿಗಿಯಾಗಿ ಸಿಗಬೇಕಾದರೆ 53ನ್ನು 82.4ರಿಂದ ಗುಣಿಸಿ, ನಿಮಗೆ ಬೇಕಾದ ಸ್ವರದ ಕಂಪನದಿಂದ ಭಾಗಿಸಿ. ಬಿ ಸ್ವರಕ್ಕೆ ಕಂಪನ 61.7, ಉತ್ತರ 70ರ ಹತ್ತಿರ. ಎ ಸ್ವರಕ್ಕೆ 55, ಉತ್ತರ ಹೆಚ್ಚುಕಡಿಮೆ 80. ಸಿ ಆದರೆ 66ರ ಸುತ್ತ, ರಷ್ಯಾದ ಡಿ ಆದರೆ 60 ಸಾಕು. ಸುತ್ತು ತಂತಿಗಳ ರಚನೆ ತಯಾರಕರಿಂದ ತಯಾರಕರಿಗೆ ಸ್ವಲ್ಪ ಬೇರೆಯಾಗುವುದರಿಂದ ಇದು ಹತ್ತಿರದ ಲೆಕ್ಕ, ಆದರೆ ಅಂಗಡಿಯಲ್ಲಿ ನಿಂತು ಆರಿಸುವುದಕ್ಕೆ ಧಾರಾಳವಾಗಿ ಸಾಕು. ಗಿಟಾರಿನ ಉದ್ದ 27 ಇಂಚಿದ್ದರೆ ಬಿ ಸ್ವರಕ್ಕೆ 66 ಗೇಜೇ ಸಾಕಾಗುತ್ತದೆ.

ಈ ಲೆಕ್ಕವನ್ನು ನಾನು ಕಲಿತದ್ದು ತಡವಾಗಿ. ಮೊದಲ ಸಲ ಕೈಗೆ ಸಿಕ್ಕ 62ರ ತಂತಿಯನ್ನು ಹಾಕಿ ಎ ಸ್ವರಕ್ಕೆ ಇಳಿಸಿದ್ದೆ. ಹೆಬ್ಬೆರಳಿನಿಂದ ಮೀಟಿದರೆ ತಂತಿ ಬಟ್ಟೆ ಒಣಗಿಸುವ ಹಗ್ಗದಂತೆ ಕಣ್ಣಿಗೆ ಕಾಣುವಷ್ಟು ತೊನೆಯುತ್ತಿತ್ತು. ಮೊದಲ ನಾಲ್ಕು ಫ್ರೆಟ್‌ಗಳಿಗೆ ಬಡಿದು ಗರಗರ ಎನ್ನುತ್ತಿತ್ತು. ಸ್ವಲ್ಪ ಜೋರಾಗಿ ಮೀಟಿದರೆ ಸ್ವರ ಮೇಲಕ್ಕೆ ಚಿಮ್ಮಿ ಮತ್ತೆ ಕೆಳಗೆ ಜಾರುತ್ತಿತ್ತು. ಗಿಟಾರೇ ಕೆಟ್ಟಿದೆ ಎಂದುಕೊಂಡು ವಾರಗಟ್ಟಲೆ ಬೇಸರಪಟ್ಟೆ. ನಿಜವಾಗಿ ಆ ತಂತಿಯ ಮೇಲಿದ್ದ ಎಳೆತ ಪಕ್ಕದ ಇ ತಂತಿಗಿಂತ ಸುಮಾರು ಶೇಕಡ 40ರಷ್ಟು ಕಡಿಮೆ ಇತ್ತು, ಅಷ್ಟೇ.

ಏಳನೆಯದನ್ನು ಮೇಲಿನ ಎ ಆಗಿ ಇಟ್ಟುಕೊಳ್ಳುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ಇಪ್ಪತ್ತೈದೂವರೆ ಇಂಚಿನ ಉದ್ದಕ್ಕೆ 440ರ ಎ ಸ್ವರ ಉಕ್ಕಿನ ತಂತಿ ಹರಿಯುವ ಅಂಚಿನಲ್ಲಿಯೇ ಇರುತ್ತದೆ. ದಪ್ಪ ತಂತಿ ಹಾಕಿದರೆ ತಡೆದೀತು ಎನ್ನುವುದು ತಪ್ಪು, ಏಕೆಂದರೆ ದಪ್ಪ ಹೆಚ್ಚಿದಂತೆ ಎಳೆತವೂ ಅಷ್ಟೇ ಹೆಚ್ಚುತ್ತದೆ. ಉದ್ದ ಕಡಿಮೆ ಇರುವ ಗಿಟಾರ್ ಬೇಕು, ಇಲ್ಲವೇ ಜಿ ಸ್ವರಕ್ಕೆ ತೃಪ್ತಿಪಡಬೇಕು.

ಕಾರ್ಬನ್ ಗಿಟಾರಾದರೆ

ಒಂದು ಗೊಂದಲವನ್ನು ಮೊದಲೇ ಕಳೆಯೋಣ. ಅಂಗಡಿಯಲ್ಲಿ "ಕಾರ್ಬನ್ ತಂತಿ" ಎಂದು ಸಿಗುವುದು ಕ್ಲಾಸಿಕಲ್ ಗಿಟಾರಿಗೆ ನೈಲಾನ್ ಬದಲಿಗೆ ಹಾಕುವ ಫ್ಲೋರೋಕಾರ್ಬನ್ ಪ್ಲಾಸ್ಟಿಕ್. ಮರದ ಬದಲು ಕಾರ್ಬನ್ ಫೈಬರ್‌ನಿಂದ ಒಡಲು ಮಾಡಿದ ಗಿಟಾರಿಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ರೇನ್‌ಸಾಂಗ್, ಮೆಕ್‌ಫರ್ಸನ್, ಐರ್ಲೆಂಡಿನ ಎಮರಾಲ್ಡ್ ಮುಂತಾದವರು ಮಾಡುವ ಕಾರ್ಬನ್ ಗಿಟಾರುಗಳಲ್ಲಿ ಹೆಚ್ಚಿನವು ಸಾಧಾರಣ ಉಕ್ಕಿನ ತಂತಿಯವೇ.

12–53ರ ಆರು ತಂತಿಗಳು ಒಟ್ಟಿಗೆ ಸುಮಾರು 74 ಕಿಲೋ ಎಳೆಯುತ್ತವೆ. ಏಳನೆಯದು ಇನ್ನೂ 11–12 ಕಿಲೋ ಸೇರಿಸುತ್ತದೆ. ಕಾರ್ಬನ್ ಒಡಲು ಇದಕ್ಕೆ ಸುಲಭವಾಗಿ ಬಾಗುವುದಿಲ್ಲ. ಹಾಗೆಂದು ಬೇಕಾದಷ್ಟು ದಪ್ಪ ಹಾಕಬಹುದು ಎಂದು ತಿಳಿಯಬೇಡಿ. ಕೆಲವು ಕಾರ್ಬನ್ ಗಿಟಾರುಗಳ ಕತ್ತಿನೊಳಗೆ ಬಾಗು ಸರಿಪಡಿಸುವ ಟ್ರಸ್ ರಾಡ್ ಇರುವುದಿಲ್ಲ. ತಯಾರಕರು ಒಂದು ನಿರ್ದಿಷ್ಟ ಗೇಜಿಗೆ ಹೊಂದಿಸಿ ಕಳಿಸಿರುತ್ತಾರೆ. ಕೈಪಿಡಿಯಲ್ಲಿ ಆ ಗೇಜ್ ಏನೆಂದು ನೋಡಿ, ಅದರ ಹತ್ತಿರವೇ ಇರಿ. ಏಳನೆಯ ತಂತಿ ದಪ್ಪವಾಗಲೇಬೇಕಾದರೆ ಉಳಿದ ಆರನ್ನು 11–52ಕ್ಕೆ ಇಳಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ.

ತೇವಕ್ಕೆ ಮರ ಉಬ್ಬುತ್ತದೆ, ಕಾರ್ಬನ್ ಉಬ್ಬುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಇದು ದೊಡ್ಡ ನೆಮ್ಮದಿ. ಆದರೆ ಒಡಲಿಗೆ ಏನೂ ಆಗದಿದ್ದರೂ ತಂತಿ ಉಕ್ಕಿನದೇ ತಾನೆ? ಬಿಸಿಲಿಗೆ ಅದು ಹಿಗ್ಗಿ ಶ್ರುತಿ ಇಳಿಯುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಯವರು, ಕೈ ಬೆವರುವವರು ತೆಳ್ಳನೆಯ ಲೇಪನವಿರುವ ತಂತಿಗೆ ಹೆಚ್ಚು ಹಣ ಕೊಟ್ಟರೆ ನಷ್ಟವಿಲ್ಲ.

ಸುತ್ತಿನ ಲೋಹದಲ್ಲಿ ಎರಡು ಮುಖ್ಯ ಬಗೆ. ಪೊಟ್ಟಣದ ಮೇಲೆ 80/20 ಬ್ರಾಂಜ್ ಎಂದಿದ್ದರೆ ಅದು ತಾಮ್ರ ಮತ್ತು ಸತುವಿನ ಮಿಶ್ರಣ. ನಮ್ಮ ಮಾತಿನಲ್ಲಿ ಅದು ಕಂಚಲ್ಲ, ಹಿತ್ತಾಳೆ. ಫಾಸ್ಫರ್ ಬ್ರಾಂಜ್ ಎಂದರೆ ತಾಮ್ರಕ್ಕೆ ತವರ, ಚೂರು ರಂಜಕ ಸೇರಿದ ನಿಜವಾದ ಕಂಚು. ಗಿಟಾರಿಗೆ ಇದನ್ನು 1974ರಲ್ಲಿ ಡಿ'ಅಡ್ಡಾರಿಯೊ ತಂದಿತು. ಹಿತ್ತಾಳೆಯ ನಾದ ಚುರುಕು, ಕಂಚಿನದು ತುಂಬು. ಕಾರ್ಬನ್ ಗಿಟಾರಿನ ದನಿ ಮೊದಲೇ ಹೊಳಪಿನದು, ಆದ್ದರಿಂದ ನನ್ನ ಆಯ್ಕೆ ಕಂಚು. ಏಳನೆಯದನ್ನೂ ಅದೇ ಕಂಪನಿಯ, ಅದೇ ಲೋಹದ, ಅದೇ ಲೇಪನದ ತಂತಿಯನ್ನೇ ಕೊಳ್ಳಿ. ಇಲ್ಲದಿದ್ದರೆ ಆರು ತಂತಿಗಳು ಇನ್ನೂ ಹೊಸದರಂತೆ ನುಡಿಯುವಾಗ ಏಳನೆಯದೊಂದೇ ಮಂಕಾಗಿರುತ್ತದೆ.

ಹಾಕುವಾಗ

ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ತೆಗೆದು ಒಂದನ್ನು ಹಾಕಿ. ಸ್ಯಾಡಲ್ (ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ) ಮತ್ತು ಅದರ ಕೆಳಗಿನ ತೆಳು ಪಟ್ಟಿ ಜಾರಿ ಬೀಳುವುದು ಇದರಿಂದ ತಪ್ಪುತ್ತದೆ. 70ರ ತಂತಿ ಅದನ್ನು ಬಿಗಿಸುವ ಟ್ಯೂನರಿನ ರಂಧ್ರದಲ್ಲಿ ನುಸುಳುತ್ತದೆಯೇ ಎಂದು ಕತ್ತರಿಸುವ ಮೊದಲೇ ನೋಡಿ. ಸುತ್ತು ತಂತಿಯನ್ನು ಕತ್ತರಿಸಬೇಕಾದ ಜಾಗದಲ್ಲಿ ಮೊದಲು ಮಡಚಿ, ಆಮೇಲೆ ಮಡಿಕೆಯ ಆಚೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಸುತ್ತು ಸಡಿಲಾಗುವ ಭಯವಿದೆ.

ಶ್ರುತಿ ಏರಿಸುವಾಗ ನಟ್‌ನಲ್ಲಿ "ಟಿಕ್" ಎಂದು ಸದ್ದಾಗಿ ಸ್ವರ ಹಾರಿದರೆ, ತಂತಿ ಕೂರುವ ಕಚ್ಚು ದಪ್ಪ ತಂತಿಗೆ ಇಕ್ಕಟ್ಟಾಗಿದೆ ಎಂದರ್ಥ. ಅದನ್ನು ಅಗಲ ಮಾಡುವ ಕೆಲಸ ಗಿಟಾರ್ ರಿಪೇರಿಯವರಿಗೆ ಬಿಡಿ. ಕಾರ್ಬನ್ ಒಡಲನ್ನಂತೂ ಮನೆಯಲ್ಲಿ ಉಜ್ಜಲೂಬಾರದು, ಕೊರೆಯಲೂಬಾರದು, ಆ ಪುಡಿ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು.

ಒಂದು ದಿನ ತಂತಿ ಹಿಗ್ಗಿ ನಿಲ್ಲಲು ಬಿಟ್ಟು, ಮತ್ತೆ ಶ್ರುತಿ ಮಾಡಿ. ಹನ್ನೆರಡನೆಯ ಫ್ರೆಟ್‌ನಲ್ಲಿ ಏಳನೆಯ ತಂತಿಯನ್ನು ಒತ್ತಿ ನುಡಿಸಿ, ಅದೇ ಜಾಗದಲ್ಲಿ ಒತ್ತದೆ ಬೆರಳು ಸೋಕಿಸಿಯೂ ನುಡಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್‌ನಲ್ಲಿ ಆ ತಂತಿ ಕೂರುವ ಬಿಂದು ಕೂದಲೆಳೆಯಷ್ಟು ಹಿಂದಕ್ಕೆ ಹೋಗಬೇಕು. ರಿಪೇರಿಯವರ ಬಳಿ ಹೋಗುವಾಗ ಏಳೂ ತಂತಿಗಳ ಗೇಜ್, ಶ್ರುತಿ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗಿಟಾರಿನ ಜೊತೆಗೆ ಕೊಡಿ.