ಬೋರ್ಡೋ ಹೊಡೆಯುವವರ ಯಕೃತ್ತು: ನನ್ನ ಅನುಭವ

ದಕ್ಷಿಣ ಕೊಡಗಿನ ಕಾಫಿ ತೋಟಗಳ ಲೈನುಮನೆಗಳಲ್ಲಿರುವವರಿಗೆ ಚಿಕಿತ್ಸೆ ನೀಡುವ ವೈದ್ಯೆ ನಾನು. ಮುಂಗಾರಿಗೆ ಮುನ್ನ ಕಾಫಿಗೆ ಎಲೆತುಕ್ಕು ತಗಲದಂತೆ, ಮೆಣಸಿನ ಬಳ್ಳಿ ಸೊರಗದಂತೆ ಇಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೆಣಸಿಗಾದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಆ ದಿನಗಳಲ್ಲಿ ಬರುವವರ ಉಗುರಿನ ಸಂದಿಯಲ್ಲಿ ನೀಲಿಹಸಿರು ಗೆರೆ ನಿಂತಿರುತ್ತದೆ; ಅದೇ ಬೆರಳಿನಿಂದ ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗಿಡುತ್ತಾರೆ. ಹೀಗೆ ಒಳಹೋದ ತಾಮ್ರದ ಮುಖ್ಯ ಉಗ್ರಾಣ ಯಕೃತ್ತು. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದವರ ಶ್ವಾಸಕೋಶ ಮತ್ತು ಯಕೃತ್ತಿನಲ್ಲಿ ತಾಮ್ರ ಸೇರಿದ ಗಂಟುಗಳನ್ನು ವೈದ್ಯರು 1960 ಮತ್ತು 70ರ ದಶಕಗಳಲ್ಲೇ ದಾಖಲಿಸಿದ್ದಾರೆ. ಬೀಡಿ ಸೇದುವವರಿಗೆ ಇದರ ಜೊತೆಗೆ ಕ್ಯಾಡ್ಮಿಯಂ ಎಂಬ ವಿಷಲೋಹ ಕೂಡ ಸೇರುತ್ತದೆ, ಏಕೆಂದರೆ ತಂಬಾಕಿನ ಗಿಡ ಅದನ್ನು ಮಣ್ಣಿನಿಂದ ಹೀರಿ ಎಲೆಯಲ್ಲಿ ಇರಿಸಿಕೊಳ್ಳುತ್ತದೆ.

ಆದ್ದರಿಂದ ಕೈಗವಸು, ಮುಖವಸ್ತ್ರ ಮತ್ತು ಸೋಪಿನ ಮಾತು ಮೊದಲು, ಪಥ್ಯದ ಮಾತು ಆಮೇಲೆ ಎಂಬ ಕ್ರಮವನ್ನು ನಾನು ಎಂದೂ ಬಿಟ್ಟಿಲ್ಲ. ಪಥ್ಯದಲ್ಲಿ ನಾನು ಮೊದಲು ನೋಡುವುದು ಕಬ್ಬಿಣಾಂಶವನ್ನು. ದೇಹದಲ್ಲಿ ಅದು ಕಡಿಮೆಯಾದಾಗ ಕರುಳು ಕಬ್ಬಿಣವನ್ನು ಸೆಳೆದುಕೊಳ್ಳಲು ತೆರೆಯುವ ಬಾಗಿಲಿನಲ್ಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ. ಸುಣ್ಣಾಂಶದ (ಕ್ಯಾಲ್ಸಿಯಂ) ಕೊರತೆ ಸೀಸಕ್ಕೆ ಇಂಥದೇ ಅನುಕೂಲ ಮಾಡಿಕೊಡುತ್ತದೆ. ಸತುವಿನ ಕೆಲಸ ಬೇರೆ. ಅದು ಕರುಳಿನ ಕೋಶಗಳಲ್ಲಿ ಮೆಟಾಲೋಥಯೋನಿನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ, ಆ ಪ್ರೋಟೀನು ತಾಮ್ರವನ್ನು ಹಿಡಿದಿಟ್ಟುಕೊಂಡು, ಕೋಶ ಉದುರಿದಾಗ ಮಲದೊಡನೆ ಹೊರಹೋಗುತ್ತದೆ. ದೇಹದಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಗೆ ಸತುವನ್ನು ಕೊಡುವುದು ಇದೇ ಕಾರಣಕ್ಕೆ. ಹಾಗೆಂದು ಎಲ್ಲರಿಗೂ ಸತುವಿನ ಮಾತ್ರೆ ಹಂಚುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಂಡರೆ ತಾಮ್ರ ದೇಹಕ್ಕೆ ಬೇಕಾದಷ್ಟೂ ಉಳಿಯದೆ ರಕ್ತಹೀನತೆ ಬರುತ್ತದೆ.

ಹೀಗಾಗಿ ಮೊಟ್ಟೆ, ಮೀನು, ಮೊಳಕೆ ಬರಿಸಿದ ಹೆಸರುಕಾಳು, ವಾರದಲ್ಲಿ ಕೆಲವು ಹೊತ್ತು ಅನ್ನದ ಬದಲು ರಾಗಿ ಎಂದು ಬರೆದುಕೊಡುತ್ತೇನೆ. ಮೊಟ್ಟೆ, ಮೀನುಗಳಿಂದ ಸೆಲೆನಿಯಂ ಎಂಬ ಖನಿಜಾಂಶ ಕೂಡ ಸಿಗುತ್ತದೆ. ಕಾಳು ಮೊಳೆತಾಗ, ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಇಳಿದು ಸತು, ಕಬ್ಬಿಣ ಎರಡೂ ಸುಲಭವಾಗಿ ಒಳಸೇರುತ್ತವೆ. ಇವನ್ನೆಲ್ಲ ಒಪ್ಪಿದವರೂ ಊಟದ ಬೆನ್ನಿಗೇ ಕುಡಿಯುವ ಬೆಲ್ಲದ ಕಾಫಿಯನ್ನು ಒಂದು ಗಂಟೆ ಮುಂದೂಡಿ ಎಂದಾಗ ಮುಖ ಸಿಂಡರಿಸುತ್ತಾರೆ. ಕಾಫಿ ಬೆಳೆಯುವ ನಾಡಿನಲ್ಲಿ ಕಬ್ಬಿಣಾಂಶಕ್ಕೆ ಕಾಫಿಯೇ ಅಡ್ಡಿ ಎಂದು ನಂಬಿಸುವುದು ಸುಲಭವಲ್ಲ.

ವ್ಯಾಯಾಮದ ವಿಚಾರದಲ್ಲಿ ಆಧಾರ ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗಗಳದ್ದು. ಅವುಗಳಲ್ಲಿ ನಿಯಮಿತ, ಮಿತವಾದ ಓಟ ಅಥವಾ ಈಜು ಯಕೃತ್ತಿನ ಉತ್ಕರ್ಷಣ ನಿರೋಧಕ, ಅಂದರೆ ಕೋಶಗಳನ್ನು ಹಾನಿಯಿಂದ ಕಾಯುವ, ಕಿಣ್ವಗಳನ್ನು ಹೆಚ್ಚಿಸಿದ್ದುಂಟು. ದಿನವಿಡೀ ಬೆನ್ನಿಗೆ ಪಂಪು ಹೊತ್ತು ಇಳಿಜಾರು ಹತ್ತುವವರಿಗೆ ನಾನು ನಡಿಗೆ ಬೋಧಿಸುವುದಿಲ್ಲ. ಅವರಿಗೆ ಬೇಕಾದದ್ದು ವಿಶ್ರಾಂತಿ, ಮೊಟ್ಟೆ. ಜೀಪಿನಲ್ಲೇ ತೋಟ ಸುತ್ತುವ ಮಾಲೀಕರಿಗೆ, ಕುಳಿತು ಲೆಕ್ಕ ಬರೆಯುವ ರೈಟರಿಗೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಹೇಳುತ್ತೇನೆ. ತೂಕ ಇಳಿಯದಿದ್ದರೂ ಯಕೃತ್ತಿನ ಕೊಬ್ಬು ಇದರಿಂದ ತಗ್ಗುತ್ತದೆ. ಸಂಜೆಯ ಮದ್ಯದ ಲೆಕ್ಕವನ್ನೂ ಅದೇ ಕೂರುವಿಕೆಯಲ್ಲಿ ಕೇಳಿಬಿಡುತ್ತೇನೆ.

ಔಷಧಿ ಹೊಡೆಯುವ ಕಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ರಕ್ತ ಪರೀಕ್ಷಿಸುತ್ತೇನೆ. ವಿಪರೀತ ಮೈಮುರಿದು ದುಡಿದ ಬಳಿಕ ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ ಎರಡೂ ಸ್ನಾಯುಗಳಿಂದಲೇ ಏರಿ ಕೆಲವು ದಿನ ಹಾಗೇ ಇರಬಹುದು. ಆದ್ದರಿಂದ ಯಕೃತ್ತಿನ ಇನ್ನೊಂದು ಕಿಣ್ವವಾದ ಜಿಜಿಟಿ ಸರಿಯಿದ್ದು, ಸ್ನಾಯುವಿನ ಕಿಣ್ವವಾದ ಸಿಕೆ ಏರಿದ್ದರೆ ಯಕೃತ್ತಿನ ಕಾಯಿಲೆಯೆಂದು ಬರೆಯದೆ, ಒಂದು ವಾರ ಹಗುರ ಕೆಲಸ ಕೊಡುವಂತೆ ಮೇಸ್ತ್ರಿಗೆ ಚೀಟಿ ಕೊಟ್ಟು ಮತ್ತೆ ಕರೆಸುತ್ತೇನೆ.