ಸೌಂಡು ಇಳಿಸಿದೆವು, ಬಾರು ತುಂಬಿತು: ಗುರುವಾರದ ರಾತ್ರಿಗಳ ನನ್ನ ಅನುಭವ

ಸಣ್ಣ ಬಾರಿನಲ್ಲಿ ಲೈವ್ ಮ್ಯೂಸಿಕ್ ಇಟ್ಟರೆ ದುಡ್ಡು ಹೋಗುತ್ತದೆ, ಪೊಲೀಸರು ಬರುತ್ತಾರೆ, ಅದರಲ್ಲೂ ಕನ್ನಡ ಹಾಡು ಯಾರಿಗೂ ಬೇಡ. ಬಾಡಿಗೆಗೆ ಸೌಂಡ್ ಸಿಸ್ಟಮ್ ಕೊಡುವ ನಮ್ಮ ಲೈನಿನಲ್ಲಿರುವ ಮುಕ್ಕಾಲು ಜನ ನನಗೆ ಹೇಳಿದ್ದು ಇದನ್ನೇ. ಈಗ ವರ್ಷದ ಮೇಲಾಯ್ತು. ಬೆಂಗಳೂರಿನ ವಿಜಯನಗರದ ಕಡೆ ಒಂದು ಹಳೇ ಬಾರ್ ಅಂಡ್ ರೆಸ್ಟೋರೆಂಟಿನ ಮೊದಲನೇ ಮಹಡಿಯಲ್ಲಿ ಪ್ರತಿ ಗುರುವಾರ ಕನ್ನಡ ಬ್ಯಾಂಡುಗಳು ನುಡಿಸುತ್ತಿವೆ. ಒಂಬತ್ತರ ಮೇಲೆ ಬಂದರೆ ಕೂರಲು ಜಾಗ ಸಿಗುವುದಿಲ್ಲ. ಹೇಗೆ ಮಾಡಿದಿರಿ ಅಂತ ಫೋನ್ ಬರುವುದು ಜಾಸ್ತಿಯಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತೇನೆ. ಇದು ಸೌಂಡ್ ಮಾಡುವವರಿಗೆ, ನುಡಿಸುವವರಿಗೆ.

ಮೊದಲು ಜಾಗ. ಉದ್ದ ನಲವತ್ತು ಅಡಿ ಚಿಲ್ಲರೆ, ಅಗಲ ಹದಿನೆಂಟೋ ಇಪ್ಪತ್ತೋ. ತಲೆ ಮೇಲಿನ ಸೀಲಿಂಗ್ ಒಂಬತ್ತೂವರೆ ಅಡಿ. ನೆಲಕ್ಕೆ ಗ್ರಾನೈಟ್, ಕೌಂಟರ್ ಹಿಂದೆ ಪೂರ್ತಿ ಕನ್ನಡಿ. ಅಂದರೆ ಸದ್ದು ಎಲ್ಲಿ ಬಿದ್ದರೂ ವಾಪಸ್ ಬರುವ ಕೋಣೆ. ಹಿಂದೆಯೂ ಇಲ್ಲಿ ಬ್ಯಾಂಡ್ ಇಟ್ಟಿದ್ದರಂತೆ. ಟಾಯ್ಲೆಟ್ ಬಾಗಿಲ ಪಕ್ಕ, ಕಿರಿ ಗೋಡೆಗೆ ಬ್ಯಾಂಡ್ ನಿಲ್ಲಿಸಿ, ಹದಿನೈದು ಇಂಚಿನ ಎರಡು ಸ್ಪೀಕರ್ ಬಾಕ್ಸ್ ಸ್ಟ್ಯಾಂಡಿಗೆ ಏರಿಸಿ, ಉದ್ದಕ್ಕೆ ಹೊಡೆಯೋದು. ನಾನೂ ಮೊದಲ ತಿಂಗಳು ಅದೇ ಜಾಗದಲ್ಲೇ ಶುರು ಮಾಡಬೇಕಾಯ್ತು, ಓನರ್ ಬೇರೆ ಕಡೆ ಬಿಡಲಿಲ್ಲ. ಮುಂದಿನ ಟೇಬಲ್ಲಿನಲ್ಲಿ ಫೋನಿನ ಮೀಟರ್ 102, 104 ಡೆಸಿಬೆಲ್ ತೋರಿಸುತ್ತಿತ್ತು. ಹಿಂದಿನ ಟೇಬಲ್ಲಿಗೆ ಬರೀ ಗುಂಯ್ ಅನ್ನೋ ಸದ್ದು. ಮುಂದಿನವರು ಎದ್ದು ಹೋಗುತ್ತಿದ್ದರು, ಹಿಂದಿನವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಬ್ಯಾಂಡಿಗೆ ಹದಿನೈದು ಸಾವಿರ, ನನ್ನ ಬಾಡಿಗೆ ಬೇರೆ. ಅವತ್ತಿನ ಕಲೆಕ್ಷನ್ ಮಾಮೂಲಿ ಗುರುವಾರಕ್ಕಿಂತ ಐದಾರು ಸಾವಿರ ಜಾಸ್ತಿ ಆದರೆ ಅದೇ ದೊಡ್ಡದು. ಓನರ್ ಕುಂದಾಪುರದ ಕಡೆಯವರು, ಲೆಕ್ಕದಲ್ಲಿ ಚುರುಕು. ತಿಂಗಳ ಕೊನೆಗೆ ಕೂರಿಸಿಕೊಂಡು, "ಇದು ನಮಗೆ ಆಗುವ ಕೆಲಸ ಅಲ್ಲ ಮಾರಾಯ್ರೆ" ಅಂದರು.

ಇನ್ನು ನಾಲ್ಕು ವಾರ ಕೊಡಿ, ಸೌಂಡ್ ಅರ್ಧ ಇಳಿಸುತ್ತೇನೆ ಅಂದೆ.

"ಸೌಂಡ್ ಇಳಿಸಿದ್ರೆ ಜನ ಯಾಕೆ ಬರ್ಬೇಕು? ಗಲಾಟೆ ಇದ್ರೇನೇ ಬಾರು." ಅವರಷ್ಟೇ ಅಲ್ಲ, ಡ್ರಮ್ಮರ್ ಕೂಡ ಹಾಗೇ ಅಂದ. ಬಾಡಿಗೆಗೆ ಸಿಸ್ಟಮ್ ಕೊಡುವ ಇನ್ನಿಬ್ಬರು ಗೆಳೆಯರಂತೂ ನೇರವಾಗಿ ನಕ್ಕರು.

ನಾನು ಕೆಲಸ ಕಲಿತದ್ದು ಗಣೇಶನ ಹಬ್ಬ ಮತ್ತು ರಾಜ್ಯೋತ್ಸವದ ರಸಮಂಜರಿ ಸ್ಟೇಜುಗಳಲ್ಲಿ. ಅಲ್ಲಿ ಬಯಲು, ಎಷ್ಟು ಕೊಟ್ಟರೂ ಸಾಲದು. ಬಾರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ನಮ್ಮ ಸ್ಪೀಕರಿಗಿಂತ ಮೊದಲೇ ಡ್ರಮ್ಸಿನ ಕ್ರ್ಯಾಶ್ ಸಿಂಬಲ್, ಅಂದರೆ ದೊಡ್ಡ ಲೋಹದ ತಟ್ಟೆ, ಕೋಣೆ ತುಂಬಿರುತ್ತದೆ. ಅದರ ಮೇಲೆ ದನಿ ಏರಿಸಲು ಹೋದರೆ ಹಾಡುವವನ ಮೈಕಿನಲ್ಲಿ ಕ್ರ್ಯಾಶೂ ಏರುತ್ತದೆ. ಅದಕ್ಕೆ ಕೆಲಸ ಶುರು ಮಾಡಬೇಕಾದ್ದು ಮಿಕ್ಸರಿನಿಂದ ಅಲ್ಲ, ಡ್ರಮ್ಸಿನಿಂದ.

ಕಿಕ್ಕಿನೊಳಗೆ, ಅಂದರೆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ಮಿನೊಳಗೆ, ಒಂದು ಹಳೇ ದಿಂಬು, ಕೆಳಗೆ ಎರಡು ಮಡಿಕೆ ಜಮಖಾನ. ಕ್ರ್ಯಾಶ್ ಎರಡರ ಬದಲು ಒಂದೇ, ಅದೂ ತೆಳುವಾದದ್ದು. ಕೋಲಿನ ಬದಲು ರಾಡ್ಸ್, ಅಂದರೆ ಕಡ್ಡಿ ಕಟ್ಟಿದ ಕೋಲು. ಡ್ರಮ್ಮರ್ ಎರಡು ವಾರ ಮುಖ ಊದಿಸಿಕೊಂಡೇ ನುಡಿಸಿದ. ಮೂರನೇ ವಾರ ಸೆಟ್ ಮಧ್ಯೆ ಹಿಂದಿನ ಟೇಬಲ್ಲಿನವರು ಅವನ ಹೈಹ್ಯಾಟ್ ತಟ್ಟೆಗಳಿಗೆ ತಾಳ ಹಾಕಿದರು. ಆಮೇಲೆ ಮಾತಾಡಲಿಲ್ಲ. ಈಗ ತನ್ನ ದುಡ್ಡಿನಲ್ಲೇ ಮೂರು ಜೊತೆ ರಾಡ್ಸ್ ಇಟ್ಟುಕೊಂಡಿದ್ದಾನೆ. ನಾನು ಡ್ರಮ್ಸಿಗೆ ಕಿಕ್ ಬಿಟ್ಟು ಬೇರೆ ಮೈಕೇ ಹಾಕುವುದಿಲ್ಲ. ತೆರೆದ ಮೈಕು ಕಮ್ಮಿ ಆದಷ್ಟೂ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಕುಂಯ್ ಅನ್ನುವ ಕಿರುಚಾಟ, ದೂರ.

ಗಿಟಾರಿನ ಸ್ಪೀಕರ್ ಪೆಟ್ಟಿಗೆ, ಅಂದರೆ ಆಂಪನ್ನು, ನೆಲದ ಮೇಲೆ ಇಟ್ಟರೆ ನುಡಿಸುವವನ ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗಲ್ಲ. ಕೇಳಿಸಲಿಲ್ಲ ಅಂತ ಅವನು ಏರಿಸುತ್ತಲೇ ಹೋಗುತ್ತಾನೆ. ಆಂಪನ್ನು ಬಿಯರ್ ಕ್ರೇಟಿನ ಮೇಲಿಟ್ಟು, ಹಿಂದಕ್ಕೆ ಬಾಗಿಸಿ, ಅವನ ಮುಖಕ್ಕೇ ಬಿಟ್ಟೆ. ತಾನೇ ಅರ್ಧ ಇಳಿಸಿದ. ಖರ್ಚು ಸೊನ್ನೆ.

ಎರಡನೆಯದು, ಬ್ಯಾಂಡನ್ನು ಉದ್ದ ಗೋಡೆಯ ನಡುವಿಗೆ ತಂದದ್ದು. ಇದಕ್ಕೇ ದೊಡ್ಡ ಜಗಳ ಆಗಿದ್ದು. ಮೂರು ಟೇಬಲ್ ಎತ್ತಬೇಕು, ಅಂದರೆ ಹನ್ನೆರಡು ತಲೆ. ಓನರ್ ಕ್ಯಾಲ್ಕುಲೇಟರ್ ತೆಗೆದೇಬಿಟ್ಟರು, ತಲೆಗೆ ಏಳುನೂರು ಹಿಡಿದರೂ ಎಂಟು ಸಾವಿರದ ಮೇಲೆ ಅಂತ. ಆ ಎಂಟು ಸಾವಿರ ಮೊದಲ ನಾಲ್ಕು ವಾರ ನನ್ನ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಅಂದೆ. ನಾಲ್ಕು ವಾರ ಪುಗಸಟ್ಟೆ ದುಡಿದ ಲೆಕ್ಕ. ಆದರೆ ಮೊದಲು ಮೂವತ್ತೈದು ಅಡಿ ದೂರ ಇದ್ದ ಕೊನೇ ಟೇಬಲ್ ಈಗ ಇಪ್ಪತ್ತು ಚಿಲ್ಲರೆ ಅಡಿಗೆ ಬಂತು. ದೂರದವನಿಗೆ ಕೇಳಿಸಲಿ ಅಂತ ಹತ್ತಿರದವನ ಕಿವಿ ಒಡೆಯುವ ಕೆಲಸ ತಪ್ಪಿತು.

ಮೂರನೆಯದು ಸ್ಪೀಕರ್ ಬಾಕ್ಸುಗಳು. ಹದಿನೈದು ಇಂಚಿನ ಜೋಡಿಯನ್ನು ದಾವಣಗೆರೆಯ ಆರ್ಕೆಸ್ಟ್ರಾದವರೊಬ್ಬರಿಗೆ ಮಾರಿದೆ, ನಲವತ್ತೈದು ಸಾವಿರದ ಹತ್ತಿರ ಬಂತು. ಆಂಪ್ ಒಳಗೇ ಇರುವ ಎಂಟು ಇಂಚಿನ ಪವರ್ಡ್ ಬಾಕ್ಸ್ ನಾಲ್ಕು ತಂದೆ, ಒಂದಕ್ಕೆ ಇಪ್ಪತ್ತೆರಡು ಸಾವಿರದ ಆಸುಪಾಸು. ಏಳೂವರೆ ಅಡಿ ಎತ್ತರಕ್ಕೆ ಹಾಕಿ, ಕೂತವರ ತಲೆಗೆ ಬಾಗಿಸಿದ್ದೇನೆ. ಕನ್ನಡಿಗೆ ಒಂದೂ ನೇರ ಬೀಳದಂತೆ ನೋಡಿಕೊಂಡೆ. ಬೇಸಿಗೆ ಅಂತಲೇ ಇರುವ ಸಬ್ ಬಾಕ್ಸ್ ಒಂದೇ. ಈ ಸೀಲಿಂಗ್ ಎತ್ತರಕ್ಕೆ 58, 60 ಹರ್ಟ್ಜ್ ಹತ್ತಿರ ಬೇಸ್ ಉಬ್ಬುತ್ತದೆ, ಅಲ್ಲಿ ಐದಾರು ಡೆಸಿಬೆಲ್ ಕಿತ್ತೆ. ಅದೊಂದು ಕಿತ್ತದ್ದಕ್ಕೇ ಬೇಸ್ ಗಿಟಾರ್ ಸ್ವರ ಸ್ವರವಾಗಿ ಕೇಳತೊಡಗಿತು.

ಹಾಡುವವರಿಗೆ ನಮ್ಮಲ್ಲಿ ಶೂರ್ ಎಸ್‌ಎಂ 58 ಮೈಕ್ ಇರುತ್ತಿತ್ತು, ಈಗ ಬೀಟಾ 58ಎ. ಮಾನಿಟರ್, ಅಂದರೆ ಹಾಡುವವನಿಗೆ ತನ್ನ ದನಿ ಕೇಳಿಸುವ ಸ್ಪೀಕರ್, ಇಡುವವರು ಇದನ್ನು ಮರೆಯಬೇಡಿ: ಎಸ್‌ಎಂಗೆ ಮಾನಿಟರ್ ನೇರ ಹಿಂದೆ, ಬೀಟಾಗೆ ಹಿಂದಿನ ಎರಡು ಓರೆಗಳಲ್ಲಿ. ಮೈಕ್ ಬದಲಿಸಿ ಮಾನಿಟರ್ ಅಲ್ಲೇ ಬಿಟ್ಟು, ಮೈಕ್ ಸರಿ ಇಲ್ಲ ಅನ್ನುವವರನ್ನು ತುಂಬ ನೋಡಿದ್ದೇನೆ.

ಇನ್ನು ನನ್ನ ಚೆಕ್. 'ಹಲೋ ಹಲೋ, ಮೈಕ್ ಟೆಸ್ಟಿಂಗ್' ಅನ್ನುವುದರಿಂದ ಕನ್ನಡ ಹಾಡಿಗೆ ಏನೂ ಗೊತ್ತಾಗುವುದಿಲ್ಲ. ನಾನು ಹಾಡುವವನಿಗೆ ಒಂದು ಸಾಲು ಕೊಡುತ್ತೇನೆ: 'ಅಕ್ಕ ಅಕ್ಕಿ ಬೀಸಿ ರೊಟ್ಟಿ ತಟ್ಟಿದಳು, ಹಳ್ಳದ ಹತ್ತಿರ ಹಲ್ಲು ಉಜ್ಜಿದಳು.' ಅದನ್ನು ಅವನು ಮೆಲ್ಲಗೆ, ಹಾಡುವ ದನಿಯಲ್ಲೇ ಹೇಳಬೇಕು. ನಾನು ಮಿಕ್ಸರ್ ನಡೆಸುವ ಟ್ಯಾಬ್ ಹಿಡಿದು ಕೊನೇ ಟೇಬಲ್ಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. 'ಹಳ್ಳ', 'ಹಲ್ಲು' ಎರಡರ ವ್ಯತ್ಯಾಸ ಕೇಳಬೇಕು, 'ಅಕ್ಕಿ'ಯ ಒತ್ತು ನುಂಗಬಾರದು. ನುಂಗಿದರೆ ಮೊದಲು ರಿವರ್ಬ್, ಅಂದರೆ ದನಿಗೆ ಹಾಕಿದ ಗುಂಗು, ತೆಗೆಯುತ್ತೇನೆ, ಆಮೇಲೆ 250 ಹರ್ಟ್ಜ್ ಹತ್ತಿರ ಸ್ವಲ್ಪ ಇಳಿಸಿ, ಎರಡೂವರೆಯಿಂದ ನಾಲ್ಕು ಕಿಲೋಹರ್ಟ್ಜ್ ನಡುವೆ ಚೂರು ಎತ್ತುತ್ತೇನೆ. ಲೋ ಕಟ್, ಅಂದರೆ ತಳದ ಸದ್ದು ಕತ್ತರಿಸುವುದು, 120 ಹರ್ಟ್ಜಿಗೆ. ಸಾಲು ಸ್ಪಷ್ಟವಾಗಿ ಬರುವ ತನಕ ಬೇರೆ ಯಾವ ಚಾನಲ್ಲನ್ನೂ ಮುಟ್ಟುವುದಿಲ್ಲ. ತತ್ವಪದ ಹಾಡುವಾಗ ಮಾತು ಕೇಳಿಸದಿದ್ದರೆ ಏನು ಉಳಿಯುತ್ತೆ, ಅಲ್ವಾ?

ಮಾತಿನ ಸ್ಪಷ್ಟತೆಗೆ ಇನ್ನೊಂದು ಮಾಡುತ್ತೇನೆ, ಹಾಡುವವನಿಗೂ ಗೊತ್ತಾಗದ ಹಾಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ನನಗೆ ಕೆಲಸ ಬರುವುದು.

ಕರೆಂಟಿನ ಕಥೆಯೇ ಬೇರೆ. ಫ್ರೀಜರ್ ಕಂಪ್ರೆಸರ್ ಸ್ಟಾರ್ಟ್ ಆದಾಗೆಲ್ಲ ಸ್ಪೀಕರಿನಲ್ಲಿ ಟಪ್ ಅಂತ ಹೊಡೆತ, ನಿಯಾನ್ ಬೋರ್ಡ್ ಹಚ್ಚಿದರೆ ಗುಂಯ್ ಅನ್ನುವ ಹಮ್. ಹಮ್ ಹೋಗಲಿ ಅಂತ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ. ಮೈಕಿಗೆ ತುಟಿ ತಾಗಿಸುವವನ ಜೀವದ ವಿಷಯ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಬೋರ್ಡಿನಿಂದ ನಮಗೇ ಅಂತ ಒಂದು ಲೈನ್ ಎಳೆಸಿದೆ, ಸರಿಯಾದ ಅರ್ತಿನ ಜೊತೆ. ವೈರು, ಕೂಲಿ ಸೇರಿ ಏಳೆಂಟು ಸಾವಿರ. ಕರೆಂಟ್ ಹೋಗಿ ಜನರೇಟರ್ ಬರುವ ಹತ್ತು ಸೆಕೆಂಡಿಗೆ ಡಿಜಿಟಲ್ ಮಿಕ್ಸರ್ ಆಫ್ ಆದರೆ ಮತ್ತೆ ಏಳಲು ನಿಮಿಷ ಬೇಕು. ಎಸ್‌ಪಿ ರಸ್ತೆಯಿಂದ ಒಂದು ಸಣ್ಣ ಯುಪಿಎಸ್ ತಂದು ಮಿಕ್ಸರಿಗೂ ವೈಫೈ ರೂಟರಿಗೂ ಕೊಟ್ಟೆ. ಈಗ ಕರೆಂಟ್ ಹೋದರೆ ದೀಪ ಆರುತ್ತದೆ, ಡ್ರಮ್ಮರ್ ತಾಳ ಬಿಡುವುದಿಲ್ಲ, ಜನರೇಟರ್ ಬಂದ ಕೂಡಲೇ ಹಾಡು ಅದೇ ಸಾಲಿನಲ್ಲಿ ಮುಂದುವರಿಯುತ್ತದೆ. ಜನ ಅದಕ್ಕೇ ಶಿಳ್ಳೆ ಹೊಡೆಯುತ್ತಾರೆ.

ಮಧ್ಯೆ ಏನೇನೋ ಪ್ರಯೋಗ ಮಾಡಿದೆವು. ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿ ಅಂತ ಒಬ್ಬರು ಹೇಳಿದರು. ಏನೂ ಆಗುವುದಿಲ್ಲ, ಬೆಂಕಿಗೆ ದಾರಿ ಅಷ್ಟೇ. ದಪ್ಪ ಪರದೆ ಕನ್ನಡಿ ಮೇಲೆ ಇಳಿಬಿಟ್ಟದ್ದು ನಿಜಕ್ಕೂ ಕೆಲಸ ಮಾಡಿತು. ತಮಟೆ ತರಿಸಿದ ರಾತ್ರಿ ಮರೆಯುವಂಥದ್ದಲ್ಲ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೇನೇ ನಾದ. ಏಸಿ ಕೋಣೆಗೆ ಬಂದ ಹತ್ತು ನಿಮಿಷಕ್ಕೆ ಸಡಿಲ. ಬಾರಿನೊಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಕೊನೆಗೆ ಕೆಳಗಿನ ಸಲೂನಿನಿಂದ ಹೇರ್ ಡ್ರೈಯರ್ ತಂದು, ಎರಡು ಹಾಡಿಗೊಮ್ಮೆ ಕಾಯಿಸಿದೆವು. ನಾದ ಬಂತು. ಆದರೆ ಈ ಕೋಣೆಗೆ ಅದು ಎರಡು ಹಾಡಿಗೆ ಸಾಕು, ಅದಕ್ಕಿಂತ ಜಾಸ್ತಿ ಕಿವಿ ತಡೆಯುವುದಿಲ್ಲ. ಫೈಬರ್ ತಮಟೆಗೆ ಕಾಯಿಸುವ ಗೋಳಿಲ್ಲ, ಆದರೆ ಸದ್ದು ಚಪ್ಪಟೆ. ನಾನಂತೂ ಚರ್ಮದ್ದನ್ನೇ ಕೇಳುತ್ತೇನೆ.

ಕಾನೂನಿನ ಮಾತು ಹೇಳಲೇಬೇಕು. 2005ರ ಸಾರ್ವಜನಿಕ ಮನರಂಜನೆ ಸ್ಥಳಗಳ ಲೈಸೆನ್ಸ್ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ಬೆಂಗಳೂರಿನ ಎಷ್ಟೋ ಪಬ್ಬುಗಳಲ್ಲಿ ಗಿಟಾರ್ ನಿಂತುಹೋಯ್ತು. ಡ್ಯಾನ್ಸ್ ಬಾರಿನ ಗಲಾಟೆಗೆ ಹುಟ್ಟಿದ ನಿಯಮ, ನಾಲ್ಕು ಜನ ಕೂತು ತತ್ವಪದ ಹಾಡುವ ಜಾಗಕ್ಕೂ ಬಂದು ಕೂತಿತು. ನನಗೆ ಅದು ಇವತ್ತಿಗೂ ನೋವು. ಲೈಸೆನ್ಸ್ ಇಲ್ಲದ ಜಾಗಕ್ಕೆ ನಾನು ಬಾಕ್ಸ್ ಇಳಿಸುವುದಿಲ್ಲ, ನೀವೂ ಇಳಿಸಬೇಡಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ಮೇಲೆ ವಾಣಿಜ್ಯ ಪ್ರದೇಶಕ್ಕೆ 55 ಡೆಸಿಬೆಲ್, ವಸತಿ ಪ್ರದೇಶಕ್ಕೆ 45. ನಮ್ಮ ಬಾರಿನ ಹಿಂದೆಯೇ ಮನೆಗಳು. ಸದ್ದು ಎಲ್ಲಿಂದ ಸೋರುತ್ತಿದೆ ಅಂತ ಹುಡುಕಲು ಒಂದು ಮಧ್ಯಾಹ್ನ ಒಳಗೆ ಬೇಸ್ ಬಿಟ್ಟು, ಹೊರಗೆ ಗೋಡೆ ಉದ್ದಕ್ಕೂ ಕೈ ಇಟ್ಟು ನಡೆದೆ. ಅಡುಗೆಮನೆಯ ಎಕ್ಸಾಸ್ಟ್ ಕಿಂಡಿ ಸ್ಪೀಕರಿನ ಹಾಗೇ ನಡುಗುತ್ತಿತ್ತು. ಅದಕ್ಕೆ ತಿರುವು ಇರುವ ಡಕ್ಟ್ ಕಟ್ಟಿಸಿದೆವು. ಹತ್ತು ಗಂಟೆಗೆ ಸಬ್ ಆಫ್, ಡ್ರಮ್ಸ್ ಬಂದ್. ಕೊನೇ ಅರ್ಧ ಗಂಟೆ ಬರೀ ಗಿಟಾರ್, ಕೊಳಲು, ದನಿ. ವಿಚಿತ್ರ ಅಂದರೆ ಜನ ಈಗ ಆ ಅರ್ಧ ಗಂಟೆಗೇ ಕಾಯುತ್ತಾರೆ.

ಓನರ್ ಒಪ್ಪಿದ್ದು ನನ್ನ ಮೀಟರ್ ನೋಡಿ ಅಲ್ಲ. ಮುಂದಿನ ಟೇಬಲ್ಲಿನಲ್ಲಿ 90, 92ಕ್ಕೆ ಇಳಿದಿದೆ, ಹಿಂದೆ 87 ಇದೆ ಅಂತ ತೋರಿಸಿದರೆ "ಅದು ನಿಮ್ಮ ಲೆಕ್ಕ" ಅಂದುಬಿಟ್ಟರು. ಅವರನ್ನು ಒಪ್ಪಿಸಿದ್ದು ಕೆಓಟಿ ಪುಸ್ತಕ, ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಗಳು. ಮೊದಲೆಲ್ಲ ಬ್ಯಾಂಡ್ ಇದ್ದ ದಿನ ಸಪ್ಲೈಯರ್ ಹುಡುಗರು ಗಿರಾಕಿಯ ಬಾಯಿಗೆ ಕಿವಿ ಕೊಟ್ಟರೂ ಆರ್ಡರ್ ತಪ್ಪುತ್ತಿತ್ತು. ಪೆಪ್ಪರ್ ಚಿಕನ್ ಕೇಳಿದವನಿಗೆ ಪನೀರ್ ಹೋಗೋದು, ಅವನು ವಾಪಸ್ ಕಳಿಸೋದು. ಗಲಾಟೆಯಲ್ಲಿ ಕೈ ಎತ್ತಿ ಕರೆಯುವುದೇ ಬೇಡ ಅಂತ ರಿಪೀಟ್ ಹೇಳದೇ ಬಿಲ್ ಕೇಳೋದು. ಸೌಂಡ್ ಇಳಿಸಿದ ಎರಡನೇ ವಾರಕ್ಕೆ ಕ್ಯಾನ್ಸಲ್ ಆದ ಕೆಓಟಿ ಬೆರಳೆಣಿಕೆಗೆ ಬಂತು. ಒಂದು ಪ್ಲೇಟ್ ಕಾಂಗ್ರೆಸ್ ಕಡ್ಲೆಬೀಜದಲ್ಲಿ ಎದ್ದು ಹೋಗುತ್ತಿದ್ದವರು ಹತ್ತೂವರೆ ತನಕ ಕೂತು ಊಟವನ್ನೂ ಮಾಡಿದರು. "ಅಣ್ಣಾ, ಈಗ ನಮಗೆ ಗಂಟಲು ನೋವಿಲ್ಲ" ಅಂತ ಒಬ್ಬ ಹುಡುಗ ಬಂದು ಹೇಳಿದ. ನನಗೆ ಸಿಕ್ಕ ಒಳ್ಳೇ ಸರ್ಟಿಫಿಕೇಟ್ ಅದು.

ಮೊದಲು ಗುರುವಾರದ ಕಲೆಕ್ಷನ್ ನಲವತ್ತು ಸಾವಿರದ ಆಸುಪಾಸು. ಈಗ ಒಂದು ಲಕ್ಷ ದಾಟುವುದು ಮಾಮೂಲಿ. ಮೂರು ಟೇಬಲ್ ಎತ್ತಿದ ಮೇಲೂ.

ದುಡ್ಡು ಹಂಚುವುದನ್ನೂ ಬದಲಾಯಿಸಿದೆ. ಬ್ಯಾಂಡಿಗೆ ಹನ್ನೆರಡು ಸಾವಿರ ಖಾಯಂ, ಕಲೆಕ್ಷನ್ ಅರವತ್ತು ಸಾವಿರ ದಾಟಿದರೆ ದಾಟಿದ್ದರಲ್ಲಿ ನೂರಕ್ಕೆ ಹತ್ತು. ಒಳ್ಳೇ ದಿನ ಹದಿನಾರು, ಹದಿನೇಳು ಸಾವಿರ ಕೈಗೆ ಬರುತ್ತದೆ. ನನ್ನದು ಐದು ಸಾವಿರ. ಕೇಬಲ್ ಸುತ್ತುವ ಮುಂಚೆ ದುಡ್ಡು ಎಣಿಸಿ ಕೊಡಬೇಕು, ಇದು ಷರತ್ತು. ಹಿಂದೆ ಬೇರೊಂದು ಪಬ್ಬಿನಲ್ಲಿ ಮೂರು ಶೋದ ದುಡ್ಡಿಗೆ ಎರಡು ತಿಂಗಳು ಅಲೆದಿದ್ದೇನೆ, ಕೊನೆಗೆ ಅರ್ಧ ಸಿಕ್ಕಿತು. ನುಡಿಸುವ ಹುಡುಗರಲ್ಲಿ ಒಬ್ಬ ಡೆಲಿವರಿ ಕೆಲಸ ಮಾಡುತ್ತಾನೆ, ಇನ್ನೊಬ್ಬ ಸ್ಕೂಲಿನಲ್ಲಿ ಮ್ಯೂಸಿಕ್ ಮೇಷ್ಟ್ರು. ಅವರ ದುಡ್ಡು ಅವತ್ತೇ ಅವರ ಜೇಬಿಗೆ ಹೋಗಬೇಕು.

ಯಶವಂತಪುರದ ಕಡೆಯಿಂದ ಇನ್ನೊಂದು ಬಾರಿನವರು ಬಂದು ನೋಡಿಕೊಂಡು ಹೋದರು. ಅವರದು ಇನ್ನೂ ಸಣ್ಣ ಜಾಗ, ಮೇಲೆ ಶೀಟು, ಮಳೆ ಬಂದರೆ ಆ ಸದ್ದೇ 70 ದಾಟುತ್ತದೆ. ಅಲ್ಲಿಗೆ ಡ್ರಮ್ಸ್ ಪೂರ್ತಿ ಬಿಟ್ಟು, ಕೂತು ಕೈಯಲ್ಲಿ ಬಾರಿಸುವ ಕಹೋನ್ ಪೆಟ್ಟಿಗೆ ಮತ್ತು ದಮ್ಮಡಿ ಸಾಕು ಅಂತ ಹೇಳಿದ್ದೇನೆ. ನೆಲಕ್ಕೆ ಜಮಖಾನ, ಶೀಟಿನ ಕೆಳಗೆ ಫಾಲ್ಸ್ ಸೀಲಿಂಗ್ ಅವರೇ ಹಾಕಿಸಿಕೊಡಬೇಕು. ಮಳೆಗಾಲ ಮುಗಿಯುವುದರೊಳಗೆ ಶುರು ಮಾಡುವ ಲೆಕ್ಕ ಇದೆ. ಸ್ವಂತ ಹಾಡು ಇರುವ ಕನ್ನಡದ ಬ್ಯಾಂಡಿನವರು, ರಾಡ್ಸ್ ಹಿಡಿಯಲು ಬೇಜಾರಿಲ್ಲದವರು ಇದ್ದರೆ ಗುರುವಾರ ಏಳೂವರೆಗೆ ವಿಜಯನಗರಕ್ಕೇ ಬನ್ನಿ. ಆಗ ನಾನು ಕೊನೇ ಟೇಬಲ್ಲಿನಲ್ಲಿ ಚೆಕ್ ಮಾಡುತ್ತಾ ಕೂತಿರುತ್ತೇನೆ.