ಏರುಪೇರಿನ ನಾಯ್ಸ್‌ನಲ್ಲಿ ಸಿಗ್ನಲ್ ಪತ್ತೆ: ಥ್ರೆಶೋಲ್ಡ್ ಲೆಕ್ಕ ಹಾಕಿದ ನನ್ನ ಅನುಭವ

ರೇಡಿಯೊ ಸ್ಪೆಕ್ಟ್ರಮ್‌ನಲ್ಲಿ ನಾಯ್ಸ್ ಮಟ್ಟ ಎಲ್ಲ ಕಡೆ ಒಂದೇ ಇರುವುದಿಲ್ಲ. ಫಿಲ್ಟರ್ ಅಂಚಿನಲ್ಲಿ ಇಳಿಯುತ್ತದೆ, ಪವರ್ ಸಪ್ಲೈ ಗದ್ದಲ ಸೇರುವಲ್ಲಿ ಉಬ್ಬುತ್ತದೆ. ಇಡೀ ಬ್ಯಾಂಡ್‌ಗೆ ಒಂದೇ ಥ್ರೆಶೋಲ್ಡ್ (ಮೀರಿದರೆ ಸಿಗ್ನಲ್ ಎಂದು ಎಣಿಸುವ ಗಡಿ) ಇಟ್ಟರೆ ಉಬ್ಬಿದ ಕಡೆ ಸುಳ್ಳು ಪತ್ತೆ ತುಂಬುತ್ತದೆ, ತಗ್ಗಿದ ಕಡೆ ನಿಜವಾದ ಸಿಗ್ನಲ್ ತಪ್ಪಿಹೋಗುತ್ತದೆ. ಹಾಗಾಗಿ ಪ್ರತಿ ಬಿನ್‌ನ, ಅಂದರೆ ಸ್ಪೆಕ್ಟ್ರಮ್‌ನ ಪ್ರತಿ ಸಣ್ಣ ಆವರ್ತನ ತುಂಡಿನ, ಥ್ರೆಶೋಲ್ಡನ್ನು ಅದರ ನೆರೆಯ ಬಿನ್‌ಗಳಿಂದಲೇ ಲೆಕ್ಕ ಹಾಕುತ್ತೇನೆ. ರಡಾರ್‌ನವರು ಇದನ್ನು ಸಿಎಫ್‌ಎಆರ್ ಎನ್ನುತ್ತಾರೆ: ನಾಯ್ಸ್ ಏರಲಿ ಇಳಿಯಲಿ, ಸುಳ್ಳು ಪತ್ತೆಯ ಪ್ರಮಾಣ ಬದಲಾಗದಂತೆ ನೋಡಿಕೊಳ್ಳುವ ವಿಧಾನ.

ನಾನು ಬಳಸುವುದು 4096 ಬಿಂದುಗಳ ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ), ಅದಕ್ಕೆ ಮೊದಲು ಮಾದರಿಗಳ ಅಂಚುಗಳನ್ನು ಮೆಲ್ಲಗೆ ತಗ್ಗಿಸುವ ಹ್ಯಾನ್ ವಿಂಡೊ. ಪ್ರತಿ ಬಿನ್‌ನ ಪರಿಮಾಣವನ್ನು ವರ್ಗ ಮಾಡಿದರೆ ಪವರ್ ಸಿಗುತ್ತದೆ. ಸರಾಸರಿ ತೆಗೆಯುವುದು ಈ ಪವರ್ ಮೇಲೆಯೇ, ಡೆಸಿಬೆಲ್ ಮೇಲೆ ಅಲ್ಲ. ಡೆಸಿಬೆಲ್‌ಗಳ ಸರಾಸರಿ ನಿಜವಾದ ಸರಾಸರಿ ಪವರ್‌ಗಿಂತ ಸುಮಾರು 2.5 ಡೆಸಿಬೆಲ್ ಕೆಳಗೆ ಬೀಳುತ್ತದೆ. ಥ್ರೆಶೋಲ್ಡೂ ಅಷ್ಟೇ ಕುಸಿದು ಸುಳ್ಳು ಪತ್ತೆಗಳು ಮುತ್ತುತ್ತವೆ. ಈ ದೋಷ ಕೋಡ್ ಓದಿದರೆ ಕಣ್ಣಿಗೆ ಬೀಳುವುದೇ ಇಲ್ಲ.

ಪರೀಕ್ಷಿಸುವ ಬಿನ್‌ನ ಎರಡೂ ಕಡೆ 3 ಗಾರ್ಡ್ ಬಿನ್ ಲೆಕ್ಕಕ್ಕೆ ಸೇರಿಸದೆ ಬಿಡುತ್ತೇನೆ, ಏಕೆಂದರೆ ಹ್ಯಾನ್ ವಿಂಡೊದ ಮುಖ್ಯ ಲೋಬ್ (ಒಂದು ಸಿಗ್ನಲ್ ಹರಡಿಕೊಳ್ಳುವ ಮುಖ್ಯ ಉಬ್ಬು) 4 ಬಿನ್ ಅಗಲ. ಕಡಿಮೆ ಬಿಟ್ಟರೆ ಸಿಗ್ನಲ್ ತನ್ನ ಥ್ರೆಶೋಲ್ಡನ್ನು ತಾನೇ ಏರಿಸಿಕೊಳ್ಳುತ್ತದೆ. ಅದರಾಚೆ ಪ್ರತಿ ಕಡೆ 12ರಂತೆ ಒಟ್ಟು 24 ರೆಫರೆನ್ಸ್ ಬಿನ್, ನಾಯ್ಸ್‌ನ ಸರಾಸರಿ ತೆಗೆಯುವುದು ಇವುಗಳಿಂದ. ಆದರೆ ಅವು ಒಂದರ ಪಕ್ಕ ಒಂದಲ್ಲ, ಒಂದು ಬಿಟ್ಟು ಒಂದು. ಹ್ಯಾನ್ ವಿಂಡೊದಲ್ಲಿ ಅಕ್ಕಪಕ್ಕದ ಬಿನ್‌ಗಳ ಪವರ್ ನಡುವೆ ಸುಮಾರು 0.44 ಸಹಸಂಬಂಧ ಇರುತ್ತದೆ. ಒಂದು ಬಿಟ್ಟರೆ ಅದು 0.03ಕ್ಕೆ ಇಳಿಯುತ್ತದೆ. ಮುಂದೆ ಬರುವ ಥ್ರೆಶೋಲ್ಡ್ ಸೂತ್ರವು 24 ಸ್ವತಂತ್ರ ಮಾದರಿಗಳನ್ನು ಕೇಳುತ್ತದೆ, ಅವನ್ನು ನಿಜವಾಗಿಯೂ ಕೊಡಬೇಕು.

ಸುಳ್ಳು ಪತ್ತೆಯ ಸಂಭವ 10,000ಕ್ಕೆ 1 ಎಂದಿಟ್ಟುಕೊಂಡರೆ, ಸರಾಸರಿಗೆ ಗುಣಿಸಬೇಕಾದ ಅಂಕಿ: 24 × (10,000ದ 24ನೇ ಮೂಲ − 1) = 11.23. ಅಂದರೆ ಸರಾಸರಿಗಿಂತ 10.5 ಡೆಸಿಬೆಲ್ ಮೇಲೆ. ನಾಯ್ಸ್ ಮಟ್ಟ ಮೊದಲೇ ಸರಿಯಾಗಿ ಗೊತ್ತಿದ್ದರೆ 9.21 ಸಾಕಾಗುತ್ತಿತ್ತು. ಅಂದಾಜು ಮಾಡಬೇಕಾಗಿ ಬಂದದ್ದಕ್ಕೆ ನಾವು ತೆರುವ ಬೆಲೆ ಸುಮಾರು 0.9 ಡೆಸಿಬೆಲ್. ಇದು ಒಂದೇ ಸ್ಪೆಕ್ಟ್ರಮ್‌ಗೆ, ಗೌಸಿಯನ್ ನಾಯ್ಸ್‌ಗೆ ಮಾತ್ರ. ಹಲವು ಸ್ಪೆಕ್ಟ್ರಮ್‌ಗಳ ಸರಾಸರಿ ತೆಗೆದಿದ್ದರೆ ಪವರ್ ಬೆಲೆಗಳ ಹಂಚಿಕೆ ಗ್ಯಾಮಾ ಆಗುತ್ತದೆ, ಏರಿಳಿತ ತಗ್ಗಿ ಚಿಕ್ಕ ಗುಣಕವೇ ಸಾಕಾಗುತ್ತದೆ. ಆಗಲೂ 11.23 ಇಟ್ಟುಕೊಂಡರೆ ಕ್ಷೀಣ ಸಿಗ್ನಲ್‌ಗಳು ಸುಮ್ಮನೆ ಕೈತಪ್ಪುತ್ತವೆ.

ಸರಾಸರಿ ವಿಧಾನ ಎರಡು ಕಡೆ ಸೋಲುತ್ತದೆ. ಮೊದಲನೆಯದು ಮರೆಮಾಚುವಿಕೆ. ರೆಫರೆನ್ಸ್‌ನಲ್ಲಿ 20 ಡೆಸಿಬೆಲ್ ಎತ್ತರದ ಬೇರೊಂದು ಸಿಗ್ನಲ್ ಒಂದೇ ಬಿನ್‌ನಲ್ಲಿ ಕುಳಿತರೂ ಸರಾಸರಿ 5 ಪಟ್ಟು, ಅಂದರೆ 7 ಡೆಸಿಬೆಲ್ ಏರುತ್ತದೆ. ಪಕ್ಕದ ದುರ್ಬಲ ಸಿಗ್ನಲ್ ಮಾಯ. ಇದಕ್ಕೆ ರಡಾರ್ ಸಂಶೋಧಕ ಹರ್ಮನ್ ರೋಲಿಂಗ್ 1983ರಲ್ಲಿ ಮಂಡಿಸಿದ ವಿಧಾನವನ್ನೇ ನಾನು ನೆಚ್ಚಿದ್ದೇನೆ: 24 ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಸರಾಸರಿಯ ಬದಲು 18ನೆಯದನ್ನು ತೆಗೆದುಕೊಳ್ಳುವುದು. 6 ಬಿನ್‌ಗಳವರೆಗೆ ಅನ್ಯ ಸಿಗ್ನಲ್ ನುಗ್ಗಿದರೂ ಅಂದಾಜು ಹಳಿ ತಪ್ಪುವುದಿಲ್ಲ. ಗುಣಕ ಮಾತ್ರ ಬೇರೆ, ಸುಮಾರು 9.3. 11.23 ಅನ್ನೇ ಉಳಿಸಿಕೊಂಡರೆ ಲೆಕ್ಕ ಕೆಡುತ್ತದೆ.

ಎರಡನೆಯದು ಮೆಟ್ಟಿಲು. ನಾಯ್ಸ್ ಒಮ್ಮೆಲೇ 15 ಡೆಸಿಬೆಲ್ ಜಿಗಿಯುವ ಕಡೆ, ಎತ್ತರದ ಬದಿಯ ಮೊದಲ ಬಿನ್‌ಗೆ ರೆಫರೆನ್ಸ್‌ನ ಅರ್ಧ ತಗ್ಗಿನಿಂದ ಬರುತ್ತದೆ. ಸರಾಸರಿ ವಿಧಾನದ ಸುಳ್ಳು ಪತ್ತೆ ಅಲ್ಲಿ 10,000ಕ್ಕೆ 1 ಇದ್ದದ್ದು ಸುಮಾರು 84ಕ್ಕೆ ಏರುತ್ತದೆ. ಎಡ, ಬಲದ ಸರಾಸರಿಗಳನ್ನು ಬೇರೆಯಾಗಿ ತೆಗೆದು ದೊಡ್ಡದನ್ನು ಆಯ್ದರೆ ಇದು ಬಹಳ ಮಟ್ಟಿಗೆ ಹತೋಟಿಗೆ ಬರುತ್ತದೆ, ಆದರೆ ಮರೆಮಾಚುವಿಕೆ ಮರಳುತ್ತದೆ. ಮೆಟ್ಟಿಲುಗಳ ಜಾಗ ಸ್ಥಿರವಾಗಿದ್ದರೆ ನನ್ನ ಆಯ್ಕೆ ಬೇರೆ: ದೀರ್ಘಕಾಲದ ಮೀಡಿಯನ್‌ನಿಂದ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ಪ್ರತಿ ಬಿನ್‌ನ ನೆಲಮಟ್ಟ ತೆಗೆದು, ಸ್ಪೆಕ್ಟ್ರಮ್ಮನ್ನು ಅದರಿಂದ ಭಾಗಿಸಿ ಸಮತಟ್ಟು ಮಾಡಿ, ಆಮೇಲೆ ಪತ್ತೆಗೆ ಇಳಿಯುವುದು. ಮೀಡಿಯನ್ನನ್ನು 0.693ರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ.

ಕೊನೆಯ ಪರೀಕ್ಷೆಗೆ ಆಂಟೆನಾ ಬಿಚ್ಚಿ, ಆ ಜಾಗದಲ್ಲಿ 50 ಓಮ್ ಟರ್ಮಿನೇಷನ್ (ಹೊರಗಿನ ಸಿಗ್ನಲ್ ಬರದಂತೆ ಹಾಕುವ ರೆಸಿಸ್ಟರ್) ಹಾಕಿ 10 ಲಕ್ಷ ಬಿನ್ ಹಾಯಿಸುತ್ತೇನೆ. 100ರ ಆಸುಪಾಸು ಪತ್ತೆ ಬರಬೇಕು. 80ರಿಂದ 120 ಬಂದರೆ ಸರಿ. 300 ಬಂದರೆ ಗುಣಕ ತಿದ್ದುವ ಮೊದಲು ಸ್ಥಿರ ಸ್ಪರ್‌ಗಳು (ರಿಸೀವರ್ ಒಳಗೇ ಹುಟ್ಟುವ ಅನಗತ್ಯ ಸಿಗ್ನಲ್‌ಗಳು) ಇವೆಯೇ ಎಂದು ಬಿನ್‌ವಾರು ಎಣಿಸುತ್ತೇನೆ. ಒಂದೇ ಬಿನ್ ಮತ್ತೆ ಮತ್ತೆ ಕಾಣಿಸಿದರೆ ಅದು ರಿಸೀವರ್‌ನ ಸ್ವಂತ ಸಿಗ್ನಲ್. ಎಲ್ಲ ಕಡೆ ಹರಡಿದ್ದರೆ ದೋಷ ಗುಣಕದಲ್ಲಿ, ಇಲ್ಲವೇ ಬಿನ್‌ಗಳ ಸಹಸಂಬಂಧದಲ್ಲಿ.